ದಂಡು ಬಂತು ದಂಡು!

ನಮ್ಮ ವಜ್ರಳ್ಳಿ ಕಡೆ ‘ದಂಡು ಬಂತು’ ಅಂತ ಯಾರಾದರೂ ಕೂಗಿದರೆ ಜನ ಹುಡುಕುವುದು ಕವಣೆ ಮತ್ತು ಪಟಾಕಿ. ಬಂದಿರುವುದು ಮಂಗನ ದಂಡು ಮಾರಾಯ್ರೇ! ಬಾಳೆಗೊನೆ, ಎಳೆ ಅಡಿಕೆ ಎಲ್ಲಾ ಢಮಾರ್. ಮದುವೆ ಮನೆಗಾದರೆ ನೆಂಟರ ದಂಡು, ರಜೆಯಲ್ಲಾದರೆ ಮೊಮ್ಮಕ್ಕಳ ದಂಡು.

ಶಬ್ದ ಮಾತ್ರ ಅಪ್ಪಟ ಯುದ್ಧದ್ದು. ಸಂಸ್ಕೃತದ ‘ದಂಡ’ ಅಂದರೆ ಕೋಲು, ಶಿಕ್ಷೆ, ಸೈನ್ಯ. ಕೌಟಿಲ್ಯ ಹೇಳುವ ರಾಜ್ಯದ ಏಳು ಅಂಗಗಳಲ್ಲಿ ದಂಡವೂ ಒಂದು, ಅಲ್ಲಿ ಅದು ಸೈನ್ಯ. ವಿಷ್ಣುವರ್ಧನನ ಗಂಗರಾಜ ದಂಡನಾಯಕ. ಕನ್ನಡ ಇದನ್ನು ಎರಡು ಮಾಡಿಕೊಂಡಿತು. ಜೇಬಿಗೆ ಬೀಳುವುದು ದಂಡ, ಊರ ಮೇಲೆ ಬೀಳುವುದು ದಂಡು.

ಊರ ಮೇಲೆ ಬೀಳುವುದು ಅಂದರೇನು ಅಂತ ನಮ್ಮ ಸೀಮೆಗೆ ಚೆನ್ನಾಗಿ ಗೊತ್ತಿತ್ತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ದಂಡು ಸೋದೆಗೂ ಬಂತು. ಸೋದೆಯ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಅರಸನಿಗೆ ಗೋವೆ ಇತ್ತು, ತೋಟ ಬಿಟ್ಟು ರೈತ ಎಲ್ಲಿಗೆ ಹೋಗಬೇಕು? 1801ರಲ್ಲಿ ಈ ಕಡೆ ಬಂದ ಫ್ರಾನ್ಸಿಸ್ ಬುಕಾನನ್, ಸೋದೆ ಪಟ್ಟಣ ಹಾಳು ಬಿದ್ದದ್ದನ್ನು ಬರೆದಿಟ್ಟಿದ್ದಾನೆ. ‘ದಂಡಿಗೆ ಹೆದರಲಿಲ್ಲ, ದಾಳಿಗೆ ಹೆದರಲಿಲ್ಲ, ದಾಸಯ್ಯನ ಜಾಗಟೆಗೆ ಹೆದರ್ತೀನಾ?’ ಅನ್ನುವ ಗಾದೆ ಕೇಳಿದ್ದೀರಲ್ಲ, ಅದು ಇಂಥ ದಿನಗಳನ್ನು ಕಂಡವರ ಮಾತು.

ಬೆಂಗಳೂರಿನಲ್ಲಿ ದಂಡು ಬಂದು ಹೋಗಲಿಲ್ಲ, ಉಳಿದೇ ಬಿಟ್ಟಿತು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ಇಲ್ಲಿಗೆ ತಂದರು. ಅದು ನೆಲೆಸಿದ ಜಾಗವೇ ದಂಡು ಪ್ರದೇಶ. ನಾವು ಕಂಟೋನ್ಮೆಂಟ್ ಅನ್ನುವ ರೈಲು ನಿಲ್ದಾಣ ಕನ್ನಡದಲ್ಲಿ ‘ಬೆಂಗಳೂರು ದಂಡು’. ಸಾಫ್ಟ್‌ವೇರಿನವರಾದ ನಾವೂ ದಿನಾ ಯುದ್ಧದ ಭಾಷೆಯನ್ನೇ ಆಡುತ್ತೇವೆ. ಕೋಡ್ ‘ಡಿಪ್ಲಾಯ್’ ಮಾಡುತ್ತೇವೆ, ಅದು ಸಾಲಾಗಿ ಬಂದ ಸೈನಿಕರನ್ನು ರಣರಂಗದಲ್ಲಿ ಹರಡಿ ನಿಲ್ಲಿಸುವ ಮಾತಾಗಿತ್ತು. ಸರ್ವರ್ ಬಿದ್ದರೆ ‘ವಾರ್ ರೂಮ್’ ಸೇರುತ್ತೇವೆ.

ಒಂದು ವ್ಯತ್ಯಾಸ ಗಮನಿಸಿ. ಡಿಪ್ಲಾಯ್, ವಾರ್ ರೂಮ್ ಎಲ್ಲಾ ಸೇನಾಪತಿಯ ಶಬ್ದಗಳು, ಹೊರಡಿಸುವವನ ಕಡೆಯಿಂದ ಹುಟ್ಟಿದ್ದು. ನಮ್ಮ ಮಾತಿನ ದಂಡು ಮಾತ್ರ ಹೆಚ್ಚಾಗಿ ‘ಬರುತ್ತದೆ’. ಬೇಲಿಯ ಈಚೆ ನಿಂತು ನೋಡಿದವರ ಶಬ್ದ ಅದು. ಯಾರ ದಂಡು, ಯಾಕೆ ಬಂತು ಅನ್ನುವುದು ಅವರಿಗೆ ಮುಖ್ಯವಲ್ಲ. ಹೋದ ಮೇಲೆ ಎಷ್ಟು ಉಳಿಯಿತು ಅನ್ನುವುದಷ್ಟೇ ಲೆಕ್ಕ. ಇತಿಹಾಸದ ಪುಸ್ತಕದಲ್ಲಿ ಅರಸರ ಹೆಸರಿದೆ, ಆ ರೈತರ ಹೆಸರಿಲ್ಲ. ಅವರ ಪಾಲಿನ ಇತಿಹಾಸ ಈ ಒಂದು ಶಬ್ದದಲ್ಲಿ ಉಳಿದಿದೆ ಅನ್ನಿಸುತ್ತದೆ.

ನಿಮ್ಮೂರಲ್ಲಿ ಯಾರ ದಂಡು ಬರುತ್ತದೆ?