ಉಡುಪಿ ಜಿಲ್ಲೆಯ ಶಕ್ತಿಮೂಲಗಳು: ಒಂದು ಚಾರಿತ್ರಿಕ ವಿವೇಚನೆ

ಬರಿದಾಗದ ಶಕ್ತಿಮೂಲಗಳ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯೆಂದೇ ಬರೆಯುವುದು ವಾಡಿಕೆ. ಉಡುಪಿ ಜಿಲ್ಲೆಯ ಅನುಭವವನ್ನು ಪರಿಶೀಲಿಸಿದರೆ, ಅದರ ಬೆಲೆಯನ್ನು ಯಾರು, ಹೇಗೆ ತೆತ್ತರೆಂಬ ಪ್ರಶ್ನೆಯೂ ಅಷ್ಟೇ ಮಹತ್ತ್ವದ್ದೆಂದು ನಮಗೆ ತೋರುತ್ತದೆ.

ಇಲ್ಲಿ ಬೃಹತ್ ಪ್ರಮಾಣದಲ್ಲಿ ದುಡಿದ ಮೂಲಗಳು ಎರಡು. ವಾರಾಹಿ ನದಿಯ ನೀರು ಘಟ್ಟದ ಮೇಲಣ ಮಾಣಿ ಜಲಾಶಯದಿಂದ ಹೊಸಂಗಡಿಯ ನೆಲದಡಿಯ ವಿದ್ಯುದಾಗಾರಕ್ಕೆ ಇಳಿಯುತ್ತದೆ. 1989-90ರಲ್ಲಿ ಆರಂಭವಾದ ಈ ಆಗಾರದ ಸಾಮರ್ಥ್ಯವು 2009ರಲ್ಲಿ 460 ಮೆಗಾವಾಟ್ ಆಯಿತು. ಅದರ ಮರುವರ್ಷವೇ ಕಾಪು ಸಮೀಪದ ಎಲ್ಲೂರಿನಲ್ಲಿ ಹೊರದೇಶದ ಕಲ್ಲಿದ್ದಲನ್ನು ಉರಿಸುವ ಸ್ಥಾವರದ ಮೊದಲ ಘಟಕವು ಚಾಲನೆಗೊಂಡಿತು. 2012ರ ಹೊತ್ತಿಗೆ ಅದರ ಸಾಮರ್ಥ್ಯ 1,200 ಮೆಗಾವಾಟ್.

ಇವೆರಡರ ನೆರಳಿನಲ್ಲಿ ಮೂರನೆಯದೊಂದು ಚರಿತ್ರೆ ಮರೆಯಾಗಿದೆ. 1925ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾಗಿ, ಮುಂದೆ ಮಣಿಪಾಲದಲ್ಲಿ ನೆಲೆಗೊಂಡ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆರಡು ಆಣೆ ಉಳಿಸಬಲ್ಲವನೂ ಬ್ಯಾಂಕಿಗೆ ಬೇಕಾದವನೇ ಎಂಬುದು ಅದರ ತತ್ತ್ವ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೊಡನೆ ಸೌರದೀಪ ಸಾಲದ ಯೋಜನೆಯನ್ನು ಹೂಡಿ, ಬಡ್ಡಿಯ ಒಂದಂಶವನ್ನು ತಾನು ಭರಿಸಿದಾಗ ಫಲಿಸಿದುದು ಇದೇ ತತ್ತ್ವ. ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ಸುಮಾರು 20,000 ಮನೆಗಳು ದೀಪದ ಬೆಲೆಯನ್ನು ಕಂತುಗಳಲ್ಲಿ ಸಲ್ಲಿಸುವ ಅನುಕೂಲವನ್ನು ಪಡೆದುವು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಅದು ಕಲಿಸಿದ ಪಾಠ ಹಳೆಯದಾಗಿಲ್ಲ.

ಇಂದು ಸೌರಫಲಕಗಳ ಬೆಲೆ ಬಹಳಷ್ಟು ಇಳಿದಿದೆ. ತೊಡಕು ಉಳಿದಿರುವುದು ನೆಲದಲ್ಲಿ. ಎಲ್ಲೂರಿನಿಂದ ಕಾಸರಗೋಡಿನ ಕಡೆಗೆ 400 ಕಿಲೋವೋಲ್ಟ್ ತಂತಿಮಾರ್ಗವನ್ನು ಎಳೆಯಹೊರಟಾಗ ಕಾರ್ಕಳ ತಾಲೂಕಿನ ಇನ್ನಾ ಗ್ರಾಮದ ಕೃಷಿಕರು ಅದನ್ನು ಪ್ರತಿಭಟಿಸಿದರು. ವಿದ್ಯುತ್ತು ಕಲ್ಲಿದ್ದಲಿನಿಂದ ಬರಲಿ, ಸೂರ್ಯನಿಂದ ಬರಲಿ, ದೂರದೂರಿಗೆ ಸಾಗಬೇಕಾದರೆ ಕಂಬ ನೆಡುವುದು ಯಾರದೋ ತೋಟದಲ್ಲಿಯೇ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸೌರವಿದ್ಯುತ್ತಿಗಾಗಿ ರೈತರ ಭೂಮಿಯನ್ನು ಕೊಳ್ಳದೆ ವಾರ್ಷಿಕ ಗೇಣಿಗೆ ಪಡೆದುದು ಉತ್ತಮ ಮಾರ್ಗವೇ ಸರಿ. ಆದರೆ ಅದೇ ಹೊಲಗಳಲ್ಲಿ ದುಡಿಯುತ್ತಿದ್ದ ಭೂಹೀನ ಕೂಲಿಗಾರನಿಗೆ ಗೇಣಿಯೂ ಇಲ್ಲ, ಕೂಲಿಯೂ ಇಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಶಕ್ತಿಮೂಲವು ಬರಿದಾಗದೆಂಬ ಮಾತ್ರಕ್ಕೆ ಅದು ನ್ಯಾಯವಾದುದೆಂದು ಎಣಿಸಲಾಗದು. ಸಣ್ಣವನ ಉಳಿತಾಯವನ್ನು ಲೆಕ್ಕಕ್ಕೆ ಹಿಡಿದ ಈ ಜಿಲ್ಲೆಯು ಅವನ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯುವ ಕ್ರಮವನ್ನು ರೂಪಿಸಬಲ್ಲುದೇ ಎಂಬುದರ ಮೇಲೆಯೇ ಮುಂದಿನ ಚರಿತ್ರೆ ನಿಂತಿದೆ.