ಮುಂಬಯಿ ಮಹಾನಗರಕ್ಕೆ ತೆರಳುವ ಪ್ರಯಾಣಿಕರಿಗೆ ಅಗತ್ಯ ಮಾಹಿತಿ

ರಾಜ್ಯದ ವಿವಿಧ ಜಿಲ್ಲೆಗಳಿಂದ ವೈದ್ಯಕೀಯ ಚಿಕಿತ್ಸೆ, ವೀಸಾ ಸಂದರ್ಶನ, ಉದ್ಯೋಗ ಪರೀಕ್ಷೆ, ವ್ಯಾಪಾರ ಹಾಗೂ ಪ್ರವಾಸದ ನಿಮಿತ್ತ ಸಾರ್ವಜನಿಕರು ಮುಂಬಯಿ ಮಹಾನಗರಕ್ಕೆ ತೆರಳುತ್ತಾರೆ. ಇವರಲ್ಲಿ ಅನೇಕರಿಗೆ ನಿಗದಿತ ದಿನಾಂಕ ಮತ್ತು ವೇಳೆಗೆ ಹಾಜರಾಗಬೇಕಾದ ಅನಿವಾರ್ಯತೆ ಇರುತ್ತದೆ. ನಗರದ ಪರಿಚಯವಿಲ್ಲದವರಿಗೆ ತೊಂದರೆಗಳು ಬಹುತೇಕ ಎರಡು ಕಾರಣಗಳಿಂದ ಉಂಟಾಗುತ್ತವೆ: ಸ್ಥಳದ ಹೆಸರಿನ ಗೊಂದಲ ಮತ್ತು ಸಮಯದ ಅಭಾವದಿಂದಾಗುವ ಅವಸರ. ಇವೆರಡನ್ನೂ ಮುಂಚಿತ ಸಿದ್ಧತೆಯಿಂದ ನಿವಾರಿಸಿಕೊಳ್ಳಬಹುದಾಗಿದ್ದು, ಈ ಕೆಳಕಂಡ ಮಾಹಿತಿಯನ್ನು ಪ್ರಯಾಣಕ್ಕೆ ಮುನ್ನ ಓದಿಕೊಳ್ಳಲು ಕೋರಲಾಗಿದೆ.

1. ನಗರದ ಸ್ವರೂಪ

ಮುಂಬಯಿಯು ಏಳು ದ್ವೀಪಗಳ ನಡುವಿನ ಸಮುದ್ರಭಾಗವನ್ನು ತುಂಬಿ ಬೆಳೆದ ನಗರ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಠಾಣೆ ಕೊಲ್ಲಿ. ಆದ್ದರಿಂದ ನಗರವು ಉತ್ತರ–ದಕ್ಷಿಣವಾಗಿ ಉದ್ದವಾಗಿಯೂ ಪೂರ್ವ–ಪಶ್ಚಿಮವಾಗಿ ಕಿರಿದಾಗಿಯೂ ಇದೆ. ಪ್ರಮುಖ ರೈಲು ಮಾರ್ಗಗಳು ಮತ್ತು ಹೆದ್ದಾರಿಗಳು ಇದೇ ದಿಕ್ಕಿನಲ್ಲಿ ಸಾಗುತ್ತವೆ. ಬೆಳಿಗ್ಗೆ ಸುಮಾರು 8ರಿಂದ 11 ಗಂಟೆಯವರೆಗೆ ದಕ್ಷಿಣಾಭಿಮುಖವಾಗಿಯೂ, ಸಂಜೆ 5ರಿಂದ 9 ಗಂಟೆಯವರೆಗೆ ಉತ್ತರಾಭಿಮುಖವಾಗಿಯೂ ಜನದಟ್ಟಣೆ ಅತ್ಯಧಿಕವಾಗಿರುತ್ತದೆ. ಸಾಮಾನು, ಮಕ್ಕಳು ಅಥವಾ ರೋಗಿಗಳೊಂದಿಗೆ ಪ್ರಯಾಣಿಸುವವರು ಈ ವೇಳೆಯನ್ನು ತಪ್ಪಿಸುವುದು ಸೂಕ್ತ.

ವಿಳಾಸವನ್ನು ಬರೆದುಕೊಳ್ಳುವಾಗ ಬಡಾವಣೆಯ ಹೆಸರಿನೊಂದಿಗೆ ‘ಪೂರ್ವ’ ಅಥವಾ ‘ಪಶ್ಚಿಮ’ ಎಂಬುದನ್ನು ತಪ್ಪದೇ ನಮೂದಿಸಿಕೊಳ್ಳಬೇಕು. ಅಂಧೇರಿ ಪೂರ್ವ ಮತ್ತು ಅಂಧೇರಿ ಪಶ್ಚಿಮಗಳ ನಡುವೆ ರೈಲು ಹಳಿಗಳಿದ್ದು, ವಾಹನದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಲು ದಟ್ಟಣೆಯ ವೇಳೆಯಲ್ಲಿ ಬಹಳ ಸಮಯ ಬೇಕಾಗಬಹುದು.

2. ಆಗಮನದ ಸ್ಥಳ

ಮುಂಬಯಿಯಲ್ಲಿ ದೂರದ ರೈಲುಗಳಿಗೆ ಹಲವು ಅಂತಿಮ ನಿಲ್ದಾಣಗಳಿವೆ. ಬೆಂಗಳೂರಿನಿಂದ ಕಲಬುರಗಿ ಮಾರ್ಗವಾಗಿ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ತಲುಪುತ್ತದೆ. ಹುಬ್ಬಳ್ಳಿ ಮಾರ್ಗದ ಚಾಲುಕ್ಯ ಎಕ್ಸ್‌ಪ್ರೆಸ್ ದಾದರ್‌ಗೆ, ಮಂಗಳೂರಿನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುರ್ಲಾ ಸಮೀಪದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಹೋಗುತ್ತವೆ. ಕಾಮಗಾರಿಗಳ ಕಾರಣ ಅಂತಿಮ ನಿಲ್ದಾಣ ಬದಲಾಗುವುದುಂಟು. ಆದ್ದರಿಂದ ಟಿಕೆಟಿನಲ್ಲಿ ಮುದ್ರಿತವಾದ ಹೆಸರನ್ನೇ ಪರಿಶೀಲಿಸತಕ್ಕದ್ದು.

ಈ ಕೆಳಗಿನ ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು:

• ‘ಮುಂಬಯಿ ಸೆಂಟ್ರಲ್’ ನಿಲ್ದಾಣವು ಪಶ್ಚಿಮ ರೈಲ್ವೆಗೆ ಸೇರಿದೆ. ಇದು ಮಧ್ಯ ರೈಲ್ವೆಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಅಲ್ಲ. ಹಿಂತಿರುಗುವಾಗ ಒಂದರ ಬದಲು ಇನ್ನೊಂದಕ್ಕೆ ಹೋದಲ್ಲಿ ರೈಲು ತಪ್ಪುವ ಸಂಭವವಿದೆ.

• ಬಾಂದ್ರಾ ಉಪನಗರ ನಿಲ್ದಾಣ ಮತ್ತು ಬಾಂದ್ರಾ ಟರ್ಮಿನಸ್ ಬೇರೆ ಬೇರೆ ನಿಲ್ದಾಣಗಳು.

• ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿ ಇದ್ದು, ರೈಲುಗಳು ಕಡಿಮೆ ವೇಗದಲ್ಲಿ ಸಂಚರಿಸುತ್ತವೆ. ಕರಾವಳಿಯಿಂದ ಹೊರಡುವವರು ಆ ಅವಧಿಯ ಸಮಯವನ್ನು ಖಚಿತಪಡಿಸಿಕೊಳ್ಳಬೇಕು.

• ವಿಮಾನ ಪ್ರಯಾಣಿಕರಿಗೆ 2025ರ ಡಿಸೆಂಬರ್‌ನಿಂದ ನವಿ ಮುಂಬಯಿ ವಿಮಾನ ನಿಲ್ದಾಣವೂ ಲಭ್ಯವಿದೆ. ಇದು ಹಳೆಯ ವಿಮಾನ ನಿಲ್ದಾಣದಿಂದ ಬಹು ದೂರದಲ್ಲಿದೆ. ಹಳೆಯ ನಿಲ್ದಾಣದಲ್ಲಿಯೂ ಸಾಂತಾಕ್ರೂಜ್ ಬದಿಯ 1ನೇ ಟರ್ಮಿನಲ್ ಮತ್ತು ಸಹಾರ್ ಬದಿಯ 2ನೇ ಟರ್ಮಿನಲ್ ಪ್ರತ್ಯೇಕವಾಗಿದ್ದು, ರಸ್ತೆ ಅಥವಾ ಮೆಟ್ರೋ ಮೂಲಕ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾಗುತ್ತದೆ.

3. ಉಪನಗರ ರೈಲುಗಳು

‘ಲೋಕಲ್’ ಎಂದು ಕರೆಯಲಾಗುವ ಉಪನಗರ ರೈಲುಗಳು ನಗರದ ಜೀವನಾಡಿ. ಪಶ್ಚಿಮ ಮಾರ್ಗವು ಚರ್ಚ್‌ಗೇಟ್‌ನಿಂದ ವಿರಾರ್ ಹಾಗೂ ಅದರಾಚೆಗೆ, ಮಧ್ಯ ಮಾರ್ಗವು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಠಾಣೆ, ಕಲ್ಯಾಣ್ ಕಡೆಗೆ, ಹಾರ್ಬರ್ ಮಾರ್ಗವು ಅದೇ ಟರ್ಮಿನಸ್‌ನಿಂದ ವಾಶಿ, ಪನವೇಲ್ ಕಡೆಗೆ ಸಾಗುತ್ತವೆ. ಪಶ್ಚಿಮ ಮತ್ತು ಮಧ್ಯ ಮಾರ್ಗಗಳ ನಡುವೆ ಬದಲಾಯಿಸಿಕೊಳ್ಳಲು ದಾದರ್ ಪ್ರಮುಖ ನಿಲ್ದಾಣ.

ಪ್ಲಾಟ್‌ಫಾರ್ಮ್‌ನ ಸೂಚನಾ ಫಲಕದಲ್ಲಿ ರೈಲು ತಲುಪುವ ಸ್ಥಳ, ಹೊರಡುವ ಸಮಯ, ಬೋಗಿಗಳ ಸಂಖ್ಯೆ ಹಾಗೂ ರೈಲು ‘ಸ್ಲೋ’ ಅಥವಾ ‘ಫಾಸ್ಟ್’ ಎಂಬುದರ ಸಂಕೇತಾಕ್ಷರ ಇರುತ್ತದೆ. ಸ್ಲೋ ರೈಲು ಎಲ್ಲ ನಿಲ್ದಾಣಗಳಲ್ಲಿ ನಿಲ್ಲುತ್ತದೆ. ಫಾಸ್ಟ್ ರೈಲು ಕೆಲವು ನಿಲ್ದಾಣಗಳಲ್ಲಿ ಮಾತ್ರ. ಹೊಸಬರು ದಟ್ಟಣೆಯಿಲ್ಲದ ವೇಳೆಯಲ್ಲಿ ಸ್ಲೋ ರೈಲನ್ನು ಬಳಸುವುದು ಸುರಕ್ಷಿತ. ನಿಲುಗಡೆಯ ಅವಧಿ ಒಂದು ನಿಮಿಷಕ್ಕೂ ಕಡಿಮೆ ಇರುವುದರಿಂದ, ಇಳಿಯಬೇಕಾದ ನಿಲ್ದಾಣಕ್ಕೆ ಮೊದಲೇ ಬಾಗಿಲಿನ ಸಮೀಪ ಬಂದು, ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುವುದೆಂದು ಸಹಪ್ರಯಾಣಿಕರನ್ನು ವಿಚಾರಿಸಿಕೊಳ್ಳಬೇಕು.

ಮಹಿಳೆಯರಿಗೆ ಹಾಗೂ ವಿಕಲಚೇತನರಿಗೆ ಪ್ರತ್ಯೇಕ ಬೋಗಿಗಳಿವೆ. ಕ್ಯಾನ್ಸರ್ ರೋಗಿಗಳು ಸಹ ವಿಕಲಚೇತನರ ಬೋಗಿಯಲ್ಲಿ ಪ್ರಯಾಣಿಸಲು ಅವಕಾಶವಿದ್ದು, ಆಸ್ಪತ್ರೆಯ ದಾಖಲೆಯನ್ನು ಜೊತೆಯಲ್ಲಿ ಇರಿಸಿಕೊಳ್ಳಬೇಕು. ಎರಡನೇ ದರ್ಜೆಯ ಟಿಕೆಟ್ ಪಡೆದು ಮೊದಲ ದರ್ಜೆಯ ಬೋಗಿ ಹತ್ತಿದಲ್ಲಿ ದಂಡ ವಿಧಿಸಲಾಗುತ್ತದೆ. ಎರಡೂ ಬೋಗಿಗಳು ಹೊರನೋಟಕ್ಕೆ ಒಂದೇ ರೀತಿ ಕಾಣುವುದರಿಂದ ಬಾಗಿಲಿನ ಬಳಿಯ ಬರಹವನ್ನು ಓದಿಕೊಂಡೇ ಹತ್ತಬೇಕು. ಭಾನುವಾರಗಳಂದು ಹಳಿ ನಿರ್ವಹಣೆಗಾಗಿ ‘ಮೆಗಾ ಬ್ಲಾಕ್’ ಎಂಬ ಹೆಸರಿನಲ್ಲಿ ಕೆಲವು ಮಾರ್ಗಗಳಲ್ಲಿ ಸಂಚಾರ ಸ್ಥಗಿತವಾಗುವುದುಂಟು. ಈ ಬಗ್ಗೆ ಮುಂಚಿತವಾಗಿ ಪ್ರಕಟಣೆ ಹೊರಡಿಸಲಾಗುತ್ತದೆ.

ಮುಂಬಯಿ ಉಪನಗರ ರೈಲು ಜಾಲದಲ್ಲಿ ಹಳಿ ದಾಟುವಾಗ, ಬೋಗಿಯಿಂದ ಬಿದ್ದು ಹಾಗೂ ಇತರ ಕಾರಣಗಳಿಂದ 2024ರ ಒಂದೇ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರು ಮೃತಪಟ್ಟಿದ್ದಾರೆ. 2017ರ ಸೆಪ್ಟೆಂಬರ್ 29ರಂದು, ಈಗ ಪ್ರಭಾದೇವಿ ಎಂದು ಹೆಸರಾಗಿರುವ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲ್ಸೇತುವೆಯಲ್ಲಿ, ಮಳೆಯ ವೇಳೆ ಸೇರಿದ ಜನಸಂದಣಿಯಲ್ಲಿ ಕಾಲ್ತುಳಿತ ಉಂಟಾಗಿ ಇಪ್ಪತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಆದ್ದರಿಂದ ಚಲಿಸುತ್ತಿರುವ ರೈಲನ್ನು ಹತ್ತಬಾರದು, ಬಾಗಿಲಿನಲ್ಲಿ ನೇತಾಡಬಾರದು, ಹಳಿ ದಾಟಬಾರದು, ಕಾಲ್ಸೇತುವೆ ತುಂಬಿದ್ದಲ್ಲಿ ಮೇಲೇರದೆ ಪ್ಲಾಟ್‌ಫಾರ್ಮ್‌ನಲ್ಲಿಯೇ ಸ್ವಲ್ಪ ಹೊತ್ತು ಕಾಯಬೇಕು. ಒಂದು ರೈಲು ತಪ್ಪಿದಲ್ಲಿ ಕೆಲವೇ ನಿಮಿಷಗಳಲ್ಲಿ ಮತ್ತೊಂದು ಬರುತ್ತದೆ.

4. ಮೆಟ್ರೋ, ಬಸ್ಸು ಮತ್ತು ಬಾಡಿಗೆ ವಾಹನಗಳು

ಆರೆ ಬಡಾವಣೆಯಿಂದ ಕಫ್ ಪರೇಡ್‌ವರೆಗಿನ ಸುರಂಗ ಮೆಟ್ರೋ ಮಾರ್ಗವು 2025ರ ಅಕ್ಟೋಬರ್‌ನಿಂದ ಪೂರ್ಣವಾಗಿ ಸಂಚಾರಕ್ಕೆ ಮುಕ್ತವಾಗಿದೆ. ಇದು ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳು, ಬಾಂದ್ರಾ–ಕುರ್ಲಾ ಸಂಕೀರ್ಣ, ದಾದರ್, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಮತ್ತು ಚರ್ಚ್‌ಗೇಟ್ ಪ್ರದೇಶಗಳನ್ನು ಸಂಪರ್ಕಿಸುತ್ತದೆ. ಲೋಕಲ್ ರೈಲಿನ ದಟ್ಟಣೆಗೆ ಅಳುಕುವವರಿಗೆ, ವೃದ್ಧರಿಗೆ ಮತ್ತು ರೋಗಿಗಳಿಗೆ ಇದು ಅನುಕೂಲಕರ. ವರ್ಸೋವಾ–ಅಂಧೇರಿ–ಘಾಟ್‌ಕೋಪರ್ ಮೆಟ್ರೋ ಮಾರ್ಗವು ಪೂರ್ವ–ಪಶ್ಚಿಮ ಸಂಚಾರಕ್ಕೆ ಉಪಯುಕ್ತ.

‘ಬೆಸ್ಟ್’ ಸಂಸ್ಥೆಯ ಬಸ್ಸುಗಳ ಮುಂಭಾಗದಲ್ಲಿ ಮಾರ್ಗಸಂಖ್ಯೆಯು ಮರಾಠಿ ಅಂಕಿಗಳಲ್ಲಿ ಇರುವುದು ಸಾಮಾನ್ಯ. ಆದ್ದರಿಂದ ದೇವನಾಗರಿ ಅಂಕಿಗಳನ್ನು ಗುರುತಿಸಲು ಕಲಿತಿರುವುದು ಒಳಿತು.

ಆಟೋರಿಕ್ಷಾಗಳಿಗೆ ಉಪನಗರಗಳಲ್ಲಿ ಮಾತ್ರ ಪರವಾನಗಿ ಇದ್ದು, ಪಶ್ಚಿಮದಲ್ಲಿ ಬಾಂದ್ರಾ ಮತ್ತು ಪೂರ್ವದಲ್ಲಿ ಸಯನ್‌ನಿಂದ ದಕ್ಷಿಣಕ್ಕೆ ಅವು ಬರುವುದಿಲ್ಲ. ಅಲ್ಲಿ ಟ್ಯಾಕ್ಸಿಗಳನ್ನೇ ಬಳಸಬೇಕು. ಕಪ್ಪು–ಹಳದಿ ಟ್ಯಾಕ್ಸಿ ಮತ್ತು ಆಟೋಗಳಲ್ಲಿ ಮೀಟರ್ ಪ್ರಕಾರ ಬಾಡಿಗೆ ನೀಡತಕ್ಕದ್ದು. ಮಧ್ಯರಾತ್ರಿ 12ರಿಂದ ಬೆಳಗಿನ 5ರವರೆಗೆ ಶೇ. 25ರಷ್ಟು ಹೆಚ್ಚುವರಿ ದರ ಅನ್ವಯಿಸುತ್ತದೆ. ರೈಲು ನಿಲ್ದಾಣದೊಳಗೆ ಬಂದು ಬಾಡಿಗೆ ಕುದುರಿಸುವವರೊಂದಿಗೆ ಹೋಗಬಾರದು. ಹೊರಗಿನ ಸರದಿ ಸಾಲಿನಿಂದ ವಾಹನ ಪಡೆಯಬೇಕು.

5. ಹವಾಮಾನ ಮತ್ತು ಮಳೆಗಾಲದ ಮುನ್ನೆಚ್ಚರಿಕೆ

ಪ್ರವಾಸಕ್ಕೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಹಿತಕರ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಹಾಗೂ ಅಕ್ಟೋಬರ್‌ನಲ್ಲಿ ಸೆಕೆ ಹೆಚ್ಚು. ಗಾಳಿಯಲ್ಲಿ ತೇವಾಂಶ ಅಧಿಕವಾಗಿರುವುದರಿಂದ ಬಯಲುಸೀಮೆಯಿಂದ ಬಂದವರಿಗೆ ಬೇಗನೆ ಆಯಾಸವಾಗುತ್ತದೆ. ಸಾಕಷ್ಟು ನೀರು ಕುಡಿಯಬೇಕು. ಮುಂಗಾರು ಸಾಮಾನ್ಯವಾಗಿ ಜೂನ್ ಎರಡನೇ ವಾರದಲ್ಲಿ ಪ್ರವೇಶಿಸಿ ಅಕ್ಟೋಬರ್ ಮೊದಲ ಭಾಗದಲ್ಲಿ ಹಿಂದೆ ಸರಿಯುತ್ತದೆ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳ ಅವಧಿಯಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ದಾಖಲಾದದ್ದು 75 ಮಿ.ಮೀ.ಗೂ ಕಡಿಮೆ. ಅಂದು ಕಚೇರಿಗಳಿಂದ ಎಂದಿನಂತೆ ಮನೆಗೆ ಹೊರಟ ಲಕ್ಷಾಂತರ ಜನರು ದಾರಿಯಲ್ಲಿ ಸಿಲುಕಿದರು. ನೂರಾರು ಜನರು ಪ್ರಾಣ ಕಳೆದುಕೊಂಡರು. ನೀರಿನಲ್ಲಿ ನಿಂತ ಕಾರುಗಳಿಂದ ಹೊರಬರಲಾಗದೆ ಮೃತಪಟ್ಟವರೂ ಇದ್ದರು. ಆದ್ದರಿಂದ ತಾವಿರುವ ಸ್ಥಳದಲ್ಲಿ ಮಳೆ ಕಡಿಮೆ ಇದೆಯೆಂದು ಮುಂದಿನ ದಾರಿಯೂ ಸುಗಮವೆಂದು ಭಾವಿಸಬಾರದು.

ಭಾರಿ ಮಳೆಯ ವೇಳೆಯಲ್ಲಿಯೇ ಸಮುದ್ರದ ಭರತವೂ ಇದ್ದಲ್ಲಿ, ಚರಂಡಿಯ ನೀರು ಸಮುದ್ರಕ್ಕೆ ಸೇರಲಾಗದೆ ರಸ್ತೆಗಳಲ್ಲಿ ನಿಲ್ಲುತ್ತದೆ. ಭರತದ ಎತ್ತರ 4.5 ಮೀಟರ್ ಮೀರುವ ದಿನಗಳ ಪಟ್ಟಿಯನ್ನು ಬೃಹನ್ಮುಂಬಯಿ ಮಹಾನಗರ ಪಾಲಿಕೆಯು ಮಳೆಗಾಲಕ್ಕೆ ಮುನ್ನ ಪ್ರಕಟಿಸುತ್ತದೆ. ಭರತವು ಕೆಲವು ಗಂಟೆಗಳಲ್ಲಿ ಇಳಿಯುವುದರಿಂದ, ಸುರಕ್ಷಿತ ಕಟ್ಟಡದಲ್ಲಿಯೇ ಕಾಯುವುದು ಅತ್ಯುತ್ತಮ ಉಪಾಯ. ಅಂಧೇರಿ ಮತ್ತು ಮಿಲನ್ ಕೆಳಸೇತುವೆಗಳು, ಹಿಂದ್‌ಮಾತಾ, ಸಯನ್, ಕುರ್ಲಾ ಮುಂತಾದ ತಗ್ಗು ಪ್ರದೇಶಗಳಲ್ಲಿ ವಿಶೇಷ ಎಚ್ಚರಿಕೆ ಅಗತ್ಯ.

ನಿಂತ ನೀರಿನಲ್ಲಿ ನಡೆಯಬಾರದು. 2017ರ ಆಗಸ್ಟ್ 29ರ ಮಳೆಯಲ್ಲಿ, ನಗರವನ್ನು ಚೆನ್ನಾಗಿ ಬಲ್ಲ ಹಿರಿಯ ವೈದ್ಯರೊಬ್ಬರು ವಾಹನದಿಂದಿಳಿದು ಮನೆಗೆ ನಡೆದು ಹೋಗುತ್ತಿದ್ದಾಗ, ನೀರಿನಡಿ ತೆರೆದಿದ್ದ ಮ್ಯಾನ್‌ಹೋಲ್‌ಗೆ ಬಿದ್ದು ಮೃತಪಟ್ಟರು. ಪ್ರವಾಹದ ನೀರಿನಿಂದ ಇಲಿಜ್ವರ ಹರಡುವ ಸಂಭವವೂ ಇದೆ. ಅನಿವಾರ್ಯವಾಗಿ ಅಂಥ ನೀರಿನಲ್ಲಿ ನಡೆದವರು, ವಿಶೇಷವಾಗಿ ಕಾಲಿನಲ್ಲಿ ಗಾಯವಿರುವವರು, ಜ್ವರ ಬರುವವರೆಗೆ ಕಾಯದೆ 24ರಿಂದ 72 ಗಂಟೆಗಳೊಳಗೆ ವೈದ್ಯರನ್ನು ಕಂಡು ಮುನ್ನೆಚ್ಚರಿಕೆ ಔಷಧದ ಬಗ್ಗೆ ಸಲಹೆ ಪಡೆಯಬೇಕು.

6. ಚಿಕಿತ್ಸೆ ಮತ್ತು ವೀಸಾ ನಿಮಿತ್ತ ತೆರಳುವವರಿಗೆ

ಕ್ಯಾನ್ಸರ್ ಚಿಕಿತ್ಸೆಗೆ ಹೆಸರಾದ ಟಾಟಾ ಸ್ಮಾರಕ ಆಸ್ಪತ್ರೆಯು ಪರೇಲ್‌ನಲ್ಲಿದೆ. ದಾದರ್ ಮತ್ತು ಪರೇಲ್ ಸಮೀಪದ ರೈಲು ನಿಲ್ದಾಣಗಳು. ಇದೇ ಸಂಸ್ಥೆಯ ಮತ್ತೊಂದು ಚಿಕಿತ್ಸಾ ಹಾಗೂ ಸಂಶೋಧನಾ ಕೇಂದ್ರವು ನವಿ ಮುಂಬಯಿಯ ಖಾರ್‌ಘರ್‌ನಲ್ಲಿದೆ. ಎರಡರ ನಡುವೆ ಪ್ರಯಾಣಕ್ಕೆ ಒಂದು ಗಂಟೆಗೂ ಹೆಚ್ಚು ಸಮಯ ಬೇಕಾಗುವುದರಿಂದ, ತಪಾಸಣೆಯ ದಿನಾಂಕದೊಂದಿಗೆ ಯಾವ ಆವರಣಕ್ಕೆ ಬರಬೇಕೆಂಬುದನ್ನೂ ಚೀಟಿಯಲ್ಲಿ ನೋಡಿಕೊಳ್ಳಬೇಕು. ಹಿಂದಿನ ಎಲ್ಲ ವೈದ್ಯಕೀಯ ವರದಿಗಳ ಮೂಲಪ್ರತಿ ಹಾಗೂ ಎರಡು ಜೊತೆ ನಕಲು ಪ್ರತಿಗಳನ್ನು ಕೈಚೀಲದಲ್ಲಿಯೇ ಇರಿಸಿಕೊಳ್ಳಬೇಕು. ಬೇಗ ನೋಂದಣಿ ಅಥವಾ ವಸತಿ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬದೆ, ಆಸ್ಪತ್ರೆಯ ಸಮಾಜಸೇವಾ ವಿಭಾಗವನ್ನು ನೇರವಾಗಿ ಸಂಪರ್ಕಿಸಬೇಕು.

ವೀಸಾ ಸಂದರ್ಶನಕ್ಕೆ ತೆರಳುವವರು ದೂತಾವಾಸಗಳೊಳಗೆ ಮೊಬೈಲ್ ದೂರವಾಣಿ ಮತ್ತು ದೊಡ್ಡ ಚೀಲಗಳಿಗೆ ಅವಕಾಶ ಇಲ್ಲದಿರಬಹುದೆಂಬುದನ್ನು ಗಮನದಲ್ಲಿಟ್ಟುಕೊಂಡು, ಸಾಮಾನನ್ನು ವಸತಿಗೃಹದಲ್ಲಿಯೇ ಬಿಟ್ಟು ಹೋಗಬೇಕು. ನಿಗದಿತ ವೇಳೆಗೆ ಹಾಜರಾಗಬೇಕಾದವರೆಲ್ಲರೂ ಒಂದು ದಿನ ಮುಂಚಿತವಾಗಿ, ಮಳೆಗಾಲದಲ್ಲಿ ಸಾಧ್ಯವಾದರೆ ಎರಡು ದಿನ ಮುಂಚಿತವಾಗಿ ನಗರ ತಲುಪಲು ಸಲಹೆ ನೀಡಲಾಗಿದೆ.

7. ಪ್ರೇಕ್ಷಣೀಯ ಸ್ಥಳಗಳು ಮತ್ತು ವಿಶೇಷ ದಿನಗಳು

ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣದ ಎಲಿಫೆಂಟಾ ಗುಹೆಗಳು ಸೋಮವಾರ ತೆರೆದಿರುವುದಿಲ್ಲ. ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಮತ್ತು ಅದರೊಳಗಿನ ಕಾನ್ಹೇರಿ ಗುಹೆಗಳಿಗೂ ಸೋಮವಾರವೇ ರಜೆ. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ತೆರಳುತ್ತಿದ್ದ ದೋಣಿಯು ಅಪಘಾತಕ್ಕೀಡಾಗಿ ಹತ್ತಕ್ಕೂ ಹೆಚ್ಚು ಜನರು ಮೃತಪಟ್ಟರು. ಆದ್ದರಿಂದ ದೋಣಿ ಹತ್ತಿದ ಕೂಡಲೇ ಜೀವರಕ್ಷಕ ಅಂಗಿಯನ್ನು ಧರಿಸಬೇಕು. ಮಳೆಗಾಲದಲ್ಲಿ ಜುಹೂ, ಆಕ್ಸಾ ಮುಂತಾದ ಕಡಲತೀರಗಳಲ್ಲಿ ನೀರಿಗೆ ಇಳಿಯಬಾರದು.

ಗಣೇಶೋತ್ಸವದ ಅವಧಿಯಲ್ಲಿ ಲಾಲ್‌ಬಾಗ್–ಪರೇಲ್ ಪ್ರದೇಶದಲ್ಲಿ, ಅನಂತ ಚತುರ್ದಶಿಯಂದು ಗಿರ್‌ಗಾಂವ್ ಚೌಪಾಟಿಯ ಸುತ್ತ ಹಾಗೂ ಡಿಸೆಂಬರ್ 6ರಂದು ಡಾ. ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನದ ನಿಮಿತ್ತ ದಾದರ್‌ನ ಚೈತ್ಯಭೂಮಿಯಲ್ಲಿ ಲಕ್ಷಾಂತರ ಜನರು ಸೇರುತ್ತಾರೆ. ಈ ದಿನಗಳಲ್ಲಿ ಆಸ್ಪತ್ರೆ ಅಥವಾ ಇತರ ಕೆಲಸಗಳಿಗೆ ತೆರಳುವವರು ಹೆಚ್ಚುವರಿ ಸಮಯ ಇರಿಸಿಕೊಳ್ಳಬೇಕು.

8. ಭಾಷೆ ಮತ್ತು ತುರ್ತು ನೆರವು

ನಗರದಲ್ಲಿ ಮರಾಠಿ ಮತ್ತು ಹಿಂದಿ ವ್ಯಾಪಕವಾಗಿ ಬಳಕೆಯಲ್ಲಿವೆ. ಈ ಭಾಷೆಗಳನ್ನು ಅರಿಯದವರು ತಲುಪಬೇಕಾದ ವಿಳಾಸವನ್ನು ದೇವನಾಗರಿ ಲಿಪಿಯಲ್ಲಿ ಬರೆಸಿಕೊಂಡು ಹೋಗುವುದು ಸೂಕ್ತ. ಮುಂಬಯಿಯಲ್ಲಿ ಕನ್ನಡಿಗರು ಹಲವು ತಲೆಮಾರುಗಳಿಂದ ನೆಲೆಸಿದ್ದಾರೆ. ಮಾಟುಂಗಾ ಪರಿಸರದಲ್ಲಿ ಮೈಸೂರು ಅಸೋಸಿಯೇಷನ್ ಮೊದಲಾದ ಕನ್ನಡ ಸಂಸ್ಥೆಗಳೂ ಉಡುಪಿ ಹೋಟೆಲುಗಳೂ ಇದ್ದು, ಭಾಷೆಯ ತೊಡಕು ಎದುರಾದಾಗ ಅಲ್ಲಿ ವಿಚಾರಿಸಬಹುದು.

ತುರ್ತು ದೂರವಾಣಿ ಸಂಖ್ಯೆಗಳು:

• ಪೊಲೀಸ್ ಹಾಗೂ ಎಲ್ಲ ತುರ್ತು ಸೇವೆಗಳು – 112
• ಆಂಬ್ಯುಲೆನ್ಸ್ – 108
• ರೈಲ್ವೆ ವಿಚಾರಣೆ ಮತ್ತು ನೆರವು – 139
• ಮಹಾನಗರ ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿ – 1916

ಈ ಸಂಖ್ಯೆಗಳನ್ನು, ವಸತಿಯ ವಿಳಾಸವನ್ನು ಮತ್ತು ಊರಿನಲ್ಲಿರುವ ಒಬ್ಬ ಬಂಧುವಿನ ದೂರವಾಣಿ ಸಂಖ್ಯೆಯನ್ನು ಕಾಗದದಲ್ಲಿ ಬರೆದು, ಜೊತೆಯಲ್ಲಿ ಹೋಗುವ ಮಕ್ಕಳು ಮತ್ತು ವೃದ್ಧರು ಸೇರಿದಂತೆ ಪ್ರತಿಯೊಬ್ಬರ ಜೇಬಿನಲ್ಲಿ ಇರಿಸತಕ್ಕದ್ದು. ಜನಸಂದಣಿಯಲ್ಲಿ ಬೇರ್ಪಟ್ಟಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತಾ ಅಲೆಯದೆ, ಮುಂದಿನ ನಿಲ್ದಾಣದಲ್ಲಿ ಇಳಿದು ಸ್ಟೇಷನ್ ಮಾಸ್ತರರ ಕಚೇರಿಯ ಬಳಿ ಕಾಯುವಂತೆ ಮೊದಲೇ ಮಾತನಾಡಿಕೊಂಡಿರಬೇಕು. ದರ ಮತ್ತು ವೇಳಾಪಟ್ಟಿಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಹೊರಡುವ ಮುನ್ನ ಸಂಬಂಧಪಟ್ಟ ಸಂಸ್ಥೆಗಳಿಂದ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.