ಕುಡಿತ ಬಿಟ್ಟವರ ಸಭೆ: ಎಲ್ಲಿ ಸಿಗುತ್ತದೆ, ಒಳಗೆ ಏನು ನಡೆಯುತ್ತದೆ?

‘ಈ ಪುಡಿಯನ್ನು ಊಟದಲ್ಲಿ ಬೆರೆಸಿ, ಅವರಿಗೆ ಗೊತ್ತೇ ಆಗದಂತೆ ಕುಡಿತ ಬಿಡಿಸಿ.’ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ದಯವಿಟ್ಟು ಮುಂದೆ ಕಳಿಸಬೇಡಿ. ಪುಡಿಯಲ್ಲಿ ಏನಿದೆಯೋ ಮಾರುವವನೂ ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ಔಷಧವೇನೋ ನಿಜವಾಗಿಯೂ ಇದೆ. ಆದರೆ ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿಯೇ ವೈದ್ಯರು ಕೊಡುತ್ತಾರೆ. ಅದು ಹೊಟ್ಟೆಯಲ್ಲಿರುವುದು ಗೊತ್ತಿಲ್ಲದೆ ಎಣ್ಣೆ ಹಾಕಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಪ್ರಾಣವೂ ಹೋಗಬಹುದು.

ಗುಟ್ಟಾಗಿ ಬಿಡಿಸುವ ದಾರಿ ಇಲ್ಲ. ಬಿಡಬೇಕಾದವರು ತಾವೇ ಹೋಗಿ ಕೂರುವ ಒಂದು ಜಾಗ ಮಾತ್ರ ಇದೆ. ಅದೇ ಕುಡಿತ ಬಿಟ್ಟವರ ಸಭೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರು ಅದನ್ನು ಹುಡುಕುವುದು ಹೇಗೆ?

ಮೊದಲು ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರು ‘ನಾಳೆಯಿಂದ ಮುಟ್ಟಲ್ಲ’ ಎಂದು ಒಮ್ಮೆಗೇ ನಿಲ್ಲಿಸಿದರೆ ಅಪಾಯ. ಕೊನೆಯ ಕುಡಿತದ ನಂತರ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೇ ದಿನದ ಹೊತ್ತಿಗೆ ಕೆಲವರು ಇಲ್ಲದ್ದನ್ನು ಕಂಡು ಕಿರುಚುತ್ತಾರೆ, ದಿಕ್ಕು ತಪ್ಪಿದಂತಾಡುತ್ತಾರೆ. ಮನೆಯವರು ಇದನ್ನು ಗಾಳಿ ಸೋಕಿದೆ ಎಂದುಕೊಂಡು ಆಸ್ಪತ್ರೆಯ ಬದಲು ಬೇರೆಡೆಗೆ ಕರೆದೊಯ್ಯುವುದುಂಟು. ಇದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ, 108ಕ್ಕೆ ಕರೆ ಮಾಡಿ. ಹಾಗಾಗಿ ಮೊದಲು ವೈದ್ಯರು, ಆಮೇಲೆ ಸಭೆ. ನಾಗಮಂಗಲ ತಾಲೂಕಿನವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಹತ್ತಿರ. ಉಳಿದವರಿಗೆ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಇನ್ನು ಸಭೆಯ ವಿಷಯ. ನಮ್ಮ ಹಳ್ಳಿಗಳಲ್ಲಿ ಹೆಚ್ಚು ಸುಲಭವಾಗಿ ಸಿಗುವ ದಾರಿ ಹೆಂಗಸರ ಕೈಯಲ್ಲೇ ಇದೆ ಎನ್ನಬೇಕು. ಧರ್ಮಸ್ಥಳ ಸಂಘದ ಸೇವಾಪ್ರತಿನಿಧಿಯನ್ನು ಕೇಳಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಸೇರಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತವೆ. ಶಿಬಿರ ಮುಗಿಸಿದವರು ಊರಿಗೆ ಮರಳಿ ‘ನವಜೀವನ ಸಮಿತಿ’ ಕಟ್ಟಿಕೊಂಡು ಆಗಾಗ ಸೇರುತ್ತಾರೆ. ನನ್ನ ಮಟ್ಟಿಗೆ ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯ. ಎಂಟು ದಿನ ಬಿಡುವುದು ಕಷ್ಟವಲ್ಲ. ಒಂಬತ್ತನೇ ದಿನ ಅದೇ ಬಾರ್ ಮುಂದೆ ಹಾದು ಮನೆಗೆ ಹೋಗುವುದು ಕಷ್ಟ.

ಇನ್ನೊಂದು ಆಲ್ಕೋಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎಎ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವ, ಮತ್ತೊಬ್ಬ ವೈದ್ಯ, ಪರಸ್ಪರ ಮಾತಾಡಿಕೊಂಡೇ ಕುಡಿಯದೆ ಉಳಿದದ್ದರಿಂದ ಶುರುವಾದದ್ದು. ಎಎ ಭಾರತದ ವೆಬ್‌ಸೈಟಿನಲ್ಲಿ ಊರುವಾರು ಸಭೆಗಳನ್ನು ಹುಡುಕಬಹುದು. ನಿಮ್ಮ ಊರಿನ ಹೆಸರು ಕಾಣದಿದ್ದರೆ ಮಂಡ್ಯ, ಮೈಸೂರು ಎಂದು ಹುಡುಕಿ. ಶ್ರೀರಂಗಪಟ್ಟಣ, ಪಾಂಡವಪುರದಿಂದ ಮೈಸೂರಿಗೆ ರೈಲೂ ಇದೆ, ಬಸ್ಸೂ ಇದೆ. ಪಟ್ಟಿಯಲ್ಲಿರುವ ಸಮಯ ಬದಲಾಗಿರಬಹುದು, ಫೋನ್ ಮಾಡಿಯೇ ಹೊರಡಿ. ‘ನಮ್ಮೂರಲ್ಲಿ ಯಾರಾದರೂ ನೋಡಿಬಿಟ್ಟರೆ?’ ಎಂಬ ಅಂಜಿಕೆ ಇರುವವರಿಗೆ ದೂರದ ಸಭೆಯೇ ವಾಸಿ. ಮೊಬೈಲಿನಲ್ಲೇ ಸೇರುವ ಆನ್‌ಲೈನ್ ಸಭೆಗಳೂ ಇವೆ. (ಬಾರಿನ ಮುಂದೆ ಕಂಡರೆ ಆಗದ ನಾಚಿಕೆ ಇಲ್ಲೇಕೆ ಎಂದು ಕೇಳುವುದು ಸುಲಭ. ಆದರೆ ಆ ನಾಚಿಕೆ ನಿಜ.)

ಒಳಗೆ ಏನಾಗುತ್ತದೆ? ಕುರ್ಚಿಗಳು, ಹೆಚ್ಚಿನ ಕಡೆ ಟೀ, ಸುಮಾರು ಒಂದರಿಂದ ಒಂದೂವರೆ ಗಂಟೆ. ಪೂರ್ತಿ ಹೆಸರು, ಜಾತಿ, ಕೆಲಸ ಹೇಳಬೇಕಿಲ್ಲ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ, ನಡುವೆ ಯಾರೂ ಬುದ್ಧಿ ಹೇಳುವುದಿಲ್ಲ. ಮೊದಲ ದಿನ ನೀವು ಸುಮ್ಮನೆ ಕೇಳಿ ಎದ್ದು ಬರಬಹುದು. ಶುಲ್ಕವಿಲ್ಲ. ಕಾಣಿಕೆ ಡಬ್ಬಿ ಸುತ್ತು ಬಂದರೆ ಹಾಕಲೇಬೇಕೆಂದೂ ಇಲ್ಲ. ಸೇರಲು ಇರುವುದು ಒಂದೇ ಅರ್ಹತೆ: ಕುಡಿತ ನಿಲ್ಲಿಸಬೇಕೆಂಬ ಆಸೆ. ‘ಮುಕ್ತ ಸಭೆ’ ಎಂದಿದ್ದರೆ ಹೆಂಡತಿ, ಅಪ್ಪ-ಅಮ್ಮನೂ ಜೊತೆಗೆ ಬರಬಹುದು. ‘ಮುಚ್ಚಿದ ಸಭೆ’ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಸಭೆ ಇದೆ. ಅವರು ಬಿಡಲಿ, ಬಿಡದಿರಲಿ, ನೀವು ಹೋಗಬಹುದು.

ದೇವರ ಮಾತು ಬರುತ್ತದೆಯೇ? ‘ನಮಗಿಂತ ದೊಡ್ಡ ಶಕ್ತಿ’ ಎಂಬ ಮಾತು ಬರುತ್ತದೆ. ಅದು ಯಾವುದು ಎಂಬುದು ನಿಮಗೆ ಬಿಟ್ಟದ್ದು.

ಇದರಿಂದ ನಿಜಕ್ಕೂ ಉಪಯೋಗವಿದೆಯೇ? 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಎಎಗೆ ಸೇರಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರ ಪೂರ್ತಿ ಕುಡಿಯದೆ ಉಳಿದವರು ಸುಮಾರು ನೂರಕ್ಕೆ 42, ಬೇರೆ ಚಿಕಿತ್ಸೆಗಳಲ್ಲಿ 35. ಅಂದರೆ ಪವಾಡವಲ್ಲ, ಆದರೆ ಬಿಟ್ಟಿ ಸಿಗುವ ಒಂದು ವ್ಯವಸ್ಥೆಗೆ ಇದು ಸಣ್ಣ ಮಾತೂ ಅಲ್ಲ. ಅರ್ಧಕ್ಕಿಂತ ಹೆಚ್ಚು ಜನ ವರ್ಷದೊಳಗೆ ಒಮ್ಮೆಯಾದರೂ ಕುಡಿದಿದ್ದಾರೆ ಎಂಬುದೂ ಇದೇ ಲೆಕ್ಕದಲ್ಲಿದೆ. ಅಂಥವರನ್ನು ಸಭೆಯಿಂದ ಹೊರಗೆ ಹಾಕುವುದಿಲ್ಲ. ಮುಂದಿನ ವಾರ ಅದೇ ಕುರ್ಚಿಗೆ ಬಂದು ಕೂರಬಹುದು.

ಯಾರನ್ನು ಕೇಳುವುದೆಂದೇ ತೋಚದಿದ್ದರೆ 14446ಕ್ಕೆ ಕರೆ ಮಾಡಿ, ಅದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಮನಸ್ಸು ತೀರಾ ಕುಸಿದಿದ್ದರೆ ಟೆಲಿ-ಮನಸ್ 14416, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಪುಡಿಯ ಸಂದೇಶದ ಬದಲು ಈ ಎರಡು ನಂಬರುಗಳನ್ನು ಗ್ರೂಪಿಗೆ ಹಾಕಿ.